ರಿನೈಸಾನ್ಸ್ ಚಿತ್ರಗಳ ಹೆಂಗಸರು ನಮ್ಮನ್ನು ಯಾಕೆ ನೋಡಲ್ಲ? ನೋಡೋಕೆ ಶುರುಮಾಡಿದ್ದು ಯಾವಾಗ?

ಓದುಗುಬ್ಬಿ:
ಎರಡು ಪ್ರಶ್ನೆ ಇವೆ, ಒಂದಕ್ಕೊಂದು ಅಂಟಿಕೊಂಡಿವೆ.

ಹದಿನೈದನೇ ಶತಮಾನದ ಇಟಲಿಯ ಸ್ತ್ರೀ ಭಾವಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ. ಮಿಲಾನಿನ ಪೋಲ್ದಿ ಪೆತ್ಸೋಲಿ ಮ್ಯೂಸಿಯಂನಲ್ಲಿರೋ ಪೊಲ್ಲಾಯುವೊಲೊನ ಯುವತಿ, ಮ್ಯಾಡ್ರಿಡ್‌ನಲ್ಲಿರೋ ಗಿರ್ಲಾಂಡಾಯೊನ ಜೊವಾನ್ನಾ ತೊರ್ನಾಬುವೊನಿ, ಫ್ಲಾರೆನ್ಸ್‌ನ ಉಫೀತ್ಸಿ ಮ್ಯೂಸಿಯಂನಲ್ಲಿರೋ ಪಿಯೆರೊ ಡೆಲ್ಲಾ ಫ್ರಾಂಚೆಸ್ಕಾನ ಬತ್ತಿಸ್ತಾ ಸ್ಫೋರ್ಜಾ. ಮೂವರೂ ಪೂರ್ತಿ ಪಕ್ಕಕ್ಕೆ ತಿರುಗಿದ್ದಾರೆ. ಒಂದೇ ಕಣ್ಣು, ಉದ್ದ ಕತ್ತು, ಎತ್ತರದ ಹಣೆ, ಮೈತುಂಬ ಒಡವೆ. ಮುಖಕ್ಕಿಂತ ಒಡವೆಯಲ್ಲೇ ಗುರುತು ಹೆಚ್ಚು ಸಿಗುತ್ತೆ. ಯಾಕೆ ಹೀಗೆ?

ಎರಡನೇದು, ಹೆಂಗಸರೇ ಕುಂಚ ಹಿಡಿದು ತಮ್ಮನ್ನು ಬರೆದುಕೊಂಡಾಗ ನೇರ ನಮ್ಮನ್ನೇ ನೋಡ್ತಾರೆ. ಆದರೆ ಚಿತ್ರದ ಮೇಲೆ ‘ಕನ್ಯೆ’ ಅಂತ, ‘ಕನ್ನಡಿ ನೋಡಿ ಬರೆದದ್ದು’ ಅಂತ ಲ್ಯಾಟಿನ್‌ನಲ್ಲಿ ಬರೆದುಕೊಳ್ತಾರೆ. ಅದನ್ನು ಹೇಳೋ ಅಗತ್ಯ ಏನಿತ್ತು?

ಚೌಕಟ್ಟು:
ಮೊದಲ ಪ್ರಶ್ನೆಗೆ ಉತ್ತರ ನಾಣ್ಯ. ರೋಮನ್ ಚಕ್ರವರ್ತಿಗಳ ನಾಣ್ಯಗಳಲ್ಲಿ ಪಾರ್ಶ್ವಮುಖವೇ ಇದ್ದದ್ದು, ಅದನ್ನು ನೋಡಿ ಚಿತ್ರಕಾರ ಪಿಸಾನೆಲ್ಲೊ ಪದಕ ಎರಕ ಹೊಯ್ದ, ಅದೇ ಮಾದರಿ ಹಲಗೆಗೆ ಹತ್ತಿತು. ಗಂಡಸರನ್ನೂ ಹಾಗೇ ಬರೆದಿದ್ದಾರೆ. ಪಿಸಾನೆಲ್ಲೊನ ಲಿಯೊನೆಲ್ಲೊ ದೆಸ್ತೆ ನೋಡಿ, ಬತ್ತಿಸ್ತಾಳ ಗಂಡ ಫೆದೆರಿಗೊ ನೋಡಿ. ಹೆಂಗಸರನ್ನೇ ಪಕ್ಕಕ್ಕೆ ತಿರುಗಿಸಿ ಕೂರಿಸಿದರು ಅನ್ನೋದು ಈಗಿನವರು ಹಚ್ಚಿದ ಬಣ್ಣ.

ಕನ್ನಡಿಮನೆ:
ಚೌಕಟ್ಟು ಅವರೇ, ಅರ್ಧ ಸರಿ. ಫ್ಲಾರೆನ್ಸ್‌ಗೆ ಬನ್ನಿ. ಅಲ್ಲಿ 1450ರ ಸುಮಾರಿಗೇ ಕಸ್ತಾನ್ಯೊ ಅನ್ನೋ ಚಿತ್ರಕಾರ ಒಬ್ಬ ಗಂಡಸನ್ನು ಮುಕ್ಕಾಲು ತಿರುವಿನಲ್ಲಿ, ಅಂದರೆ ಎರಡೂ ಕಣ್ಣು ಕಾಣೋ ಹಾಗೆ, ಬರೆದಿದ್ದಾನೆ, ಈಗ ವಾಷಿಂಗ್ಟನ್‌ನಲ್ಲಿದೆ. ಕೆಂಪು ಬಟ್ಟೆಯ ಆಸಾಮಿ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನೆ. ಅಂದಮೇಲೆ ಆ ಊರಿನ ಚಿತ್ರಕಾರರಿಗೆ ತಿರುವು ಬರೆಯೋದು ಗೊತ್ತಿತ್ತು. ಆದರೂ ಅದೇ ಊರಲ್ಲಿ ಹೆಂಗಸರು ಇನ್ನೂ ಇಪ್ಪತ್ತು, ಇಪ್ಪತ್ತೈದು ವರ್ಷ ಪಕ್ಕಕ್ಕೇ ತಿರುಗಿದ್ದರು. ನಾಣ್ಯದ ಮಾತು ಶುರು ಹೇಗಾಯ್ತು ಅನ್ನೋದನ್ನು ಹೇಳುತ್ತೆ, ಇಷ್ಟು ತಡವಾಗಿದ್ದು ಯಾಕೆ ಅನ್ನೋದನ್ನು ಹೇಳಲ್ಲ.

ಇನ್ನು ಫೆದೆರಿಗೊ ನಿಮ್ಮ ವಾದಕ್ಕೆ ಒಳ್ಳೇ ಸಾಕ್ಷಿ ಅಲ್ಲ. ಅವನಿಗೆ ಬಲಗಣ್ಣು ಇರಲಿಲ್ಲ, ಕಾಳಗದ ಪಂದ್ಯದಲ್ಲಿ ಹೋಗಿತ್ತು. ಎಡ ಮಗ್ಗುಲನ್ನೇ ತೋರಿಸಬೇಕಿತ್ತು. ಅದಕ್ಕೇ ಆ ಜೋಡಿ ಚಿತ್ರದಲ್ಲಿ ಸ್ಥಾನವೇ ಅದಲುಬದಲು. ವಾಡಿಕೆಯಂತೆ ಗಂಡ ನೋಡುಗರ ಎಡಕ್ಕೆ, ಹೆಂಡತಿ ಬಲಕ್ಕೆ ಇರಬೇಕು. ಇಲ್ಲಿ ಬತ್ತಿಸ್ತಾ ಎಡಕ್ಕೆ ಬಂದಿದ್ದಾಳೆ.

ಕುಂಚಕಡ್ಡಿ:
ಮದುವೆ ಸಂಗತಿ ಬಿಟ್ಟು ಈ ಚಿತ್ರಗಳನ್ನು ಓದೋಕಾಗಲ್ಲ. ಭುಜದ ಮೇಲಿನ ಪದಕ, ತಲೆಯ ಪದಕ, ಕತ್ತಿನ ಮುತ್ತು ಎಲ್ಲ ಮದುವೆ ಹೊತ್ತಿಗೆ ಗಂಡನ ಕಡೆಯವರು ತೊಡಿಸಿದ್ದು. ಮದುವೆಯಾದ ಕೆಲವು ವರ್ಷ ಮಾತ್ರ ಹಾಕಿಕೊಂಡು ಓಡಾಡಬಹುದು, ಆಮೇಲೆ ಊರಿನ ಆಡಂಬರ ನಿಷೇಧದ ಕಾನೂನು ಅಡ್ಡ ಬರುತ್ತೆ. ಹಾಗಾಗಿ ಚಿತ್ರ ಅಂದರೆ ಎರಡು ಮನೆತನಗಳ ನಡುವಿನ ಒಪ್ಪಂದದ ದಾಖಲೆ. ಆ ಹುಡುಗಿ ನಮ್ಮನ್ನು ನೋಡೋದು ಆ ದಾಖಲೆಗೆ ಬೇಕಿಲ್ಲ.

ಜೊವಾನ್ನಾಳದ್ದು ಇನ್ನೂ ಕರುಳು ಹಿಂಡೋ ವಿಷಯ. ಚಿತ್ರದ ಮೇಲೆ 1488 ಅಂತ ಇದೆ. ಅವಳು ಎರಡನೇ ಬಸಿರಲ್ಲಿದ್ದಾಗ ತೀರಿಕೊಂಡ ವರ್ಷ ಅದು. ಹಿಂದಿನ ಗೂಡಿನಲ್ಲಿ ಡ್ರ್ಯಾಗನ್ ಪದಕ, ಪ್ರಾರ್ಥನೆ ಪುಸ್ತಕ, ತೂಗುಬಿಟ್ಟ ಹವಳದ ಸರ, ಒಂದು ಚೀಟಿ. ಚೀಟಿಯಲ್ಲಿ ರೋಮನ್ ಕವಿ ಮಾರ್ಷಿಯಲ್‌ನ ಸಾಲು ತುಸು ಬದಲಿಸಿ ಬರೆದಿದ್ದಾರೆ: ಕಲೆಯೇ, ನಡತೆಯನ್ನೂ ಮನಸ್ಸನ್ನೂ ನೀನು ಬರೆಯಬಲ್ಲೆಯಾಗಿದ್ದರೆ ಭೂಮಿಯ ಮೇಲೆ ಇದಕ್ಕಿಂತ ಚೆಂದದ ಚಿತ್ರ ಇರುತ್ತಿರಲಿಲ್ಲ. ಮುಖ ಬರೆದವನೇ ಮನಸ್ಸು ಬರೆಯೋಕಾಗಲಿಲ್ಲ ಅಂತ ಚಿತ್ರದೊಳಗೇ ಬರೆದಿಟ್ಟಿದ್ದಾನೆ.

ಚೌಕಟ್ಟು:
ಅದೇ ನನ್ನ ಮಾತು. ಸತ್ತವಳನ್ನು ಪಾರ್ಶ್ವಮುಖದಲ್ಲಿ ಬರೆಯೋದು ಸ್ಮಾರಕದ ಗೌರವ. ಬತ್ತಿಸ್ತಾಳೂ 1472ರಲ್ಲಿ ತೀರಿಕೊಂಡಳು, ಅವಳ ಹಲಗೆಯ ಹಿಂಬದಿಯ ಪದ್ಯ ಭೂತಕಾಲದಲ್ಲಿದೆ. ಜೊವಾನ್ನಾಳ ಹೆಸರಲ್ಲಂತೂ ಪದಕವೂ ಇದೆ. ನಾಣ್ಯ, ಪದಕ, ಸ್ಮರಣೆ ಎಲ್ಲ ಒಂದೇ ದಾರ.

ಕನ್ನಡಿಮನೆ:
ಒಪ್ಪಿದೆ, ಆ ಇಬ್ಬರಿಗೆ. ಬದುಕಿದ್ದ ಮದುಮಗಳಿಗೆ ಒಪ್ಪಲ್ಲ.

ಸುಣ್ಣಗಾರೆ:
ಎಲ್ಲರೂ ಅರ್ಥದ ಬಗ್ಗೆ ಮಾತಾಡ್ತಿದ್ದೀರಿ, ಬಣ್ಣದ ಬಗ್ಗೆ ಯಾರೂ ಇಲ್ಲ. ಪಾರ್ಶ್ವಮುಖ ಉಳಿದದ್ದಕ್ಕೆ ಮೊಟ್ಟೆಬಣ್ಣವೂ ಒಂದು ಕಾರಣ.

ಮೊಟ್ಟೆಯ ಹಳದಿ, ಹೆಚ್ಚುಕಮ್ಮಿ ಅಷ್ಟೇ ಬಣ್ಣದಪುಡಿ, ಸ್ವಲ್ಪ ನೀರು. ಹಚ್ಚಿದ ಕೆಲವೇ ಸೆಕೆಂಡಿಗೆ ಒಣಗುತ್ತೆ. ಎರಡು ಬಣ್ಣವನ್ನು ಹಸಿಯಲ್ಲೇ ಒಂದಕ್ಕೊಂದು ಬೆರೆಸಿ ಸವರೋಕೆ ಆಗಲ್ಲ, ಕೂದಲೆಳೆಯಂಥ ಗೆರೆಗಳನ್ನು ಪಕ್ಕಪಕ್ಕ ಎಳೆದೇ ಉಬ್ಬುತಗ್ಗು ತೋರಿಸಬೇಕು. ಮುಕ್ಕಾಲು ತಿರುವಿನಲ್ಲಿ ಮೂಗಿನ ಪಕ್ಕ, ಕೆನ್ನೆ, ಕಣ್ಣಿನ ಗುಳಿ ಎಲ್ಲ ನೆರಳಿನ ನವಿರು ಇಳಿಜಾರು ಕೇಳುತ್ತೆ. ಪಾರ್ಶ್ವದಲ್ಲಿ ಹಣೆಯಿಂದ ಗಲ್ಲದವರೆಗೆ ಒಂದು ಗಟ್ಟಿ ಗೆರೆ ಎಳೆದರೆ ಹೋಲಿಕೆ ಬಂದೇಬಿಡುತ್ತೆ, ಒಳಗಡೆ ತೆಳು ನೆರಳು ಸಾಕು.

ಆ ಗೆರೆಯನ್ನು ಎಷ್ಟು ಸಲ ಬೇಕಾದರೂ ಬಳಸಬಹುದು ಅನ್ನೋದು ಇನ್ನೊಂದು ಲಾಭ. ಕಾಗದದ ಮೇಲೆ ಗೆರೆಯುದ್ದಕ್ಕೂ ಸೂಜಿಯಲ್ಲಿ ಚುಚ್ಚಿ, ಹಲಗೆ ಮೇಲಿಟ್ಟು, ಇದ್ದಿಲ ಪುಡಿಯ ಬಟ್ಟೆಗಂಟಿನಿಂದ ತಟ್ಟಿದರೆ ಚುಕ್ಕಿಚುಕ್ಕಿಯಾಗಿ ಗೆರೆ ಇಳಿಯುತ್ತೆ. ಜೊವಾನ್ನಾ ಇದೇ ಪಾರ್ಶ್ವಮುಖದಲ್ಲಿ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನ ಗೋಡೆಚಿತ್ರದಲ್ಲೂ ನಿಂತಿದ್ದಾಳೆ. ಲಿಯೊನಾರ್ಡೊನ ಇಸಬೆಲ್ಲಾ ದೆಸ್ತೆ ರೇಖಾಚಿತ್ರ ಲೂವ್ರ್‌ನಲ್ಲಿದೆ, ಅದರ ಗೆರೆಗಳ ಮೇಲೂ ಹೀಗೇ ಚುಚ್ಚಿದ ತೂತುಗಳಿವೆ.

ಹಳೇಹಲಗೆ:
ಸುಣ್ಣಗಾರೆ ಅವರೇ, ಕಸ್ತಾನ್ಯೊ ಬರೆದ ಗಂಡಸೂ ಮೊಟ್ಟೆಬಣ್ಣದ್ದೇ ಅಲ್ಲವಾ? ಹಾಗಿದ್ದಮೇಲೆ ಮಾಧ್ಯಮ ತಡೆ ಅನ್ನೋ ವಾದ ಎಲ್ಲಿ ನಿಂತಿತು?

ಸುಣ್ಣಗಾರೆ:
ತಡೆ ಅಂದಿಲ್ಲ, ಸಲೀಸು ಅಂದೆ. ಮೊಟ್ಟೆಬಣ್ಣದಲ್ಲಿ ತಿರುವು ಬರೆಯಬಹುದು, ಆದರೆ ಮುಖ ಒರಟಾಗಿ, ಕಡೆದಂತೆ ಬರುತ್ತೆ. ಕಸ್ತಾನ್ಯೊನ ಗಂಡಸಿಗೆ ಆ ಗಡಸು ಒಪ್ಪಿತು. ನುಣುಪೇ ಚೆಲುವು ಅಂತ ನಂಬಿದ್ದ ಕಾಲದಲ್ಲಿ ಹದಿನೆಂಟರ ಹುಡುಗಿಗೆ ಅದನ್ನು ಯಾರೂ ಬೇಡ್ತಿರಲಿಲ್ಲ.

ಇನ್ನೊಂದು. ಸುಮಾರು 1400ರ ಹೊತ್ತಿಗೆ ಚೆನ್ನಿನೊ ಚೆನ್ನಿನಿ ಬರೆದ ಕೈಪಿಡಿಯಲ್ಲಿ ಎಳೆಯ ಮುಖಕ್ಕೆ ಪೇಟೆಕೋಳಿಯ ಮೊಟ್ಟೆ, ಮುದುಕರ ಅಥವಾ ಕಪ್ಪುಮೈಯವರ ಮುಖಕ್ಕೆ ಹಳ್ಳಿಕೋಳಿಯ ಮೊಟ್ಟೆ ಅಂತ ಸ್ಪಷ್ಟವಾಗಿ ಹೇಳಿದ್ದಾನೆ. ಹಳ್ಳಿಕೋಳಿಯ ಹಳದಿ ಕೆಂಪು ಹೆಚ್ಚು, ಎಳೆಮುಖದ ಬಿಳುಪನ್ನು ಕೆಡಿಸುತ್ತೆ ಅಂತ. ಅದೇ ಮನುಷ್ಯ ಗಂಡಸಿನ ಮೈಯ ಅಳತೆಯನ್ನೆಲ್ಲ ವಿವರಿಸಿ, ಹೆಂಗಸಿನದ್ದು ಬಿಡ್ತೀನಿ, ಅವಳಿಗೆ ಸರಿಯಾದ ಅಳತೆಯೇ ಇಲ್ಲ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾನೆ!

ಕನ್ನಡಿಮನೆ:
ಆ ಒಂದು ಸಾಲು ಓದಿದರೆ ಸಾಕು, ಓದುಗುಬ್ಬಿಯವರ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತೆ.

ಮಸಿಕುಡಿಕೆ:
ಹಳೇ ಇಟಾಲಿಯನ್ ಚಿತ್ರಗಳಲ್ಲಿ ಮೇರಿಮಾತೆಯ ಮುಖ ಹಸಿರಾಗಿ ಕಾಣೋದೂ ಮೊಟ್ಟೆಯಿಂದಲೇನಾ?

ಸುಣ್ಣಗಾರೆ:
ಅಲ್ಲ. ಮೈಬಣ್ಣದ ಕೆಳಗೆ ಹಸಿರುಮಣ್ಣಿಗೆ ಸೀಸದ ಬಿಳಿ ಬೆರೆಸಿ ಎರಡು ಕೈ ಹಚ್ಚುತ್ತಿದ್ದರು. ಮೇಲಿನ ನಸುಗೆಂಪಿಗೆ ಅದು ತಂಪು ನೆರಳು ಕೊಡುತ್ತೆ. ನೂರಾರು ವರ್ಷ ಉಜ್ಜಿ ತೊಳೆದು ಮೇಲಿನ ಪದರ ಸವೆದಾಗ, ಅಥವಾ ಅದರಲ್ಲಿದ್ದ ಕೆಂಪು ಬೆಳಕಿಗೆ ಮಾಸಿದಾಗ, ಅಡಿಯ ಹಸಿರು ಎದ್ದು ಬರುತ್ತೆ. ಬರೆದವನು ಹಸಿರುಮುಖ ಬರೆದಿರಲಿಲ್ಲ.

ಅರಗುಮನೆ:
ಆ ಮಾಸೋ ಕೆಂಪಿನ ಬಗ್ಗೆ ಒಂದು ಮಾತು. ಆಗಿನ ಆಳವಾದ ಕೆಂಪು ಮೆರುಗಿಗೆ ಬಳಸುತ್ತಿದ್ದದ್ದು ಹುಳುವಿನ ಬಣ್ಣ. ಒಂದು ಕರ್ಮೆಸ್, ಇನ್ನೊಂದು ನಮ್ಮ ಅರಗು. ಅರಗುಹುಳು ಕೊಂಬೆಗೆ ಕಟ್ಟಿದ ಅಂಟನ್ನು ಭಾರತದ ಕಡೆಯಿಂದ ಹಡಗಿನಲ್ಲಿ ತರಿಸಿ, ಅದರ ಕೆಂಪು ಬಸಿದು, ಪಟಿಕದ ಮೇಲೆ ಕೂರಿಸಿ ಪುಡಿ ಮಾಡುತ್ತಿದ್ದರು. ಬಣ್ಣ ತೆಗೆದಮೇಲೆ ಉಳಿಯೋ ಅಂಟೇ ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡೋದು. ವೆನಿಸ್ಸಿನ ಹೆಂಗಸರ ಕೆಂಪು ವೆಲ್ವೆಟ್ ನೋಡುವಾಗ ಅದು ನೆನಪಿರಲಿ. ಹದಿನಾರನೇ ಶತಮಾನದ ನಡುವಿನ ಹೊತ್ತಿಗೆ ಮೆಕ್ಸಿಕೊದ ಕೊಚಿನೀಲ್ ಅನ್ನೋ ಹುಳುವಿನ ಬಣ್ಣ ಬಂದು ಇವೆರಡನ್ನೂ ಹಿಂದಕ್ಕೆ ತಳ್ಳಿತು.

ಅಡಿಯಲ್ಲಿ ಸಿಂಧೂರದಂಥ ಗಟ್ಟಿ ಕೆಂಪು ಹಚ್ಚಿ, ಒಣಗಿದಮೇಲೆ ಈ ಪಾರದರ್ಶಕ ಕೆಂಪನ್ನು ಎಣ್ಣೆಯಲ್ಲಿ ತೆಳ್ಳಗೆ ಪದರಪದರವಾಗಿ ಎಳೆಯಬೇಕು. ಒಂದೇ ಸಲ ದಪ್ಪಕ್ಕೆ ಹಚ್ಚಿದರೆ ಮೇಲೆ ತೊಗಲು ಕಟ್ಟಿ ಸುಕ್ಕಾಗುತ್ತೆ.

ಮಸಿಕುಡಿಕೆ:
ಒಡವೆ ಮಾತು ಬಂತು, ಕೇಳಿಬಿಡ್ತೀನಿ. ಪದಕಗಳ ನಡುವೆ ಚೌಕಾಕಾರದ ಕಪ್ಪು ಕಲ್ಲು ಇರುತ್ತಲ್ಲ, ಅದು ಏನು?

ಅರಗುಮನೆ:
ಸಾಮಾನ್ಯವಾಗಿ ವಜ್ರ. ಈಗಿನ ಹಾಗೆ ಹತ್ತಾರು ಮುಖ ಕತ್ತರಿಸುತ್ತಿರಲಿಲ್ಲ. ಹರಳಿನ ತುದಿ ಉಜ್ಜಿ ಚಪ್ಪಟೆ ಮಾಡಿ, ಹಿಂದೆ ಮುಚ್ಚಿದ ಚಿನ್ನದ ಗೂಡಿನಲ್ಲಿ ಕೂರಿಸುತ್ತಿದ್ದರು. ಬೆಳಕು ತಿರುಗಿ ಬರದೆ ಕಪ್ಪಾಗಿ ಕಾಣುತ್ತಿತ್ತು, ಕಂಡದ್ದನ್ನೇ ಬರೆದರು. ಆ ಕಾಲದ ಯೂರೋಪಿನ ವಜ್ರ ಹೆಚ್ಚೂಕಡಿಮೆ ಎಲ್ಲ ಭಾರತದ್ದೇ, ಬ್ರೆಜಿಲ್‌ನಲ್ಲಿ ಸಿಕ್ಕಿದ್ದು 1720ರ ದಶಕದಲ್ಲಿ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ನುನಿಜ್ ಇಲ್ಲಿನ ವಜ್ರದ ಗಣಿಗಳ ಬಗ್ಗೆ ಬರೆದಿಟ್ಟಿದ್ದಾನೆ.

ಮುತ್ತಿನ ವಿಷಯವನ್ನೂ ಹೇಳಿಬಿಡ್ತೀನಿ, ಬಿಡಿಸುವವರು ಅದನ್ನು ತಪ್ಪೇ ಮಾಡೋದು. ಬಿಳಿ ಚುಕ್ಕಿ ಇಟ್ಟರೆ ಮುತ್ತಾಗಲ್ಲ, ಸುಣ್ಣದ ಉಂಡೆ ಆಗುತ್ತೆ. ಮೊದಲು ನಡುಬೂದು ಬಣ್ಣದ ದುಂಡು. ಬೆಳಕಿನ ಎದುರು ಬದಿಯಲ್ಲಿ, ಅಂಚಿಗೆ ತಾಗದಂತೆ ಒಳಗೆ, ಕಪ್ಪುಬೂದಿನ ಬಾಲಚಂದ್ರ. ಅಂಚಿನಲ್ಲಿ ಬಟ್ಟೆಯಿಂದ ಚಿಮ್ಮಿದ ಬೆಳಕಿಗೆ ತೆಳು ಗೆರೆ. ಕೊನೆಗೆ ಸೀಸದ ಬಿಳಿಯ ಒಂದೇ ಒಂದು ದಪ್ಪ ಚುಕ್ಕಿ. ಇಡೀ ಸರದಲ್ಲಿ ಆ ಚುಕ್ಕಿ ಒಂದೇ ಕಡೆ ಬೀಳಬೇಕು.

ಹಳೇಹಲಗೆ:
ಚಿನ್ನದ ಜರಿಯೂ ಹಾಗೇ. 1435ರಲ್ಲೇ ಚಿತ್ರಕಲೆ ಬಗ್ಗೆ ಪುಸ್ತಕ ಬರೆದ ಆಲ್ಬರ್ಟಿ ಚಿನ್ನದ ರೇಕು ಅಂಟಿಸಬೇಡಿ, ಬಣ್ಣದಿಂದಲೇ ಚಿನ್ನದ ಹೊಳಪು ತನ್ನಿ, ಅದರಲ್ಲೇ ಕೈಚಳಕ ಇರೋದು ಅಂದಿದ್ದ. ಕಂದು ನೆಲದ ಮೇಲೆ ಸೀಸ-ತವರದ ಹಳದಿಯ ಚುಕ್ಕಿಗಳು, ಅಷ್ಟೇ.

ಓದುಗುಬ್ಬಿ:
ಒಡವೆ ಚೆನ್ನಾಗಿದೆ, ಆದರೆ ತಿರುಗಿದ್ದು ಯಾವಾಗ ಅಂತ ಯಾರೂ ಹೇಳಲಿಲ್ಲ.

ಕುಂಚಕಡ್ಡಿ:
ಫ್ಲಾರೆನ್ಸ್‌ನಲ್ಲಿ 1470ರ ದಶಕ. ಮೊದಲಿಗರಲ್ಲಿ ಇಬ್ಬರನ್ನು ಹೇಳ್ತೀನಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಬೊತ್ತಿಚೆಲ್ಲಿಯ ಸ್ಮೆರಾಲ್ದಾ, ಕಿಟಕಿಯ ಚೌಕಟ್ಟಿಗೆ ಕೈ ಇಟ್ಟು ನಮ್ಮತ್ತ ತಿರುಗಿದ್ದಾಳೆ. ಇನ್ನೊಬ್ಬಳು ವಾಷಿಂಗ್ಟನ್‌ನ ಜಿನೆವ್ರಾ ದೆ ಬೆಂಚಿ, ಲಿಯೊನಾರ್ಡೊ ಇಪ್ಪತ್ತರ ಹರೆಯದಲ್ಲಿ ಬರೆದದ್ದು. ಒಡವೆಯೇ ಇಲ್ಲ. ತಲೆಯ ಹಿಂದೆ ಜುನಿಪರ್ ಪೊದೆ. ಇಟಾಲಿಯನ್‌ನಲ್ಲಿ ಅದು ಜಿನೆಪ್ರೊ, ಅವಳ ಹೆಸರಿನ ಮೇಲಿನ ಶ್ಲೇಷೆ. ಈಗ ಕಂದಾಗಿ ಕಾಣೋ ಆ ಎಲೆಗಳು ಆಗ ಹಚ್ಚಹಸಿರಾಗಿದ್ದವು, ತಾಮ್ರದ ಹಸಿರು ಕಾಲ ಹೋದಂತೆ ಕಂದಾಗುತ್ತೆ.

ಹಲಗೆ ತಿರುಗಿಸಿದರೆ ಹಿಂದೆಯೂ ಚಿತ್ರ: ಲಾರೆಲ್ ಮತ್ತು ಖರ್ಜೂರದ ಗರಿಗಳ ನಡುವೆ ಜುನಿಪರ್ ಕಡ್ಡಿ, ‘ಚೆಲುವು ಶೀಲಕ್ಕೆ ಅಲಂಕಾರ’ ಅನ್ನೋ ಲ್ಯಾಟಿನ್ ಪಟ್ಟಿ. ಇನ್ಫ್ರಾರೆಡ್‌ನಲ್ಲಿ ನೋಡಿದಾಗ ಆ ಅಕ್ಷರಗಳ ಅಡಿಯಲ್ಲಿ ‘ಶೀಲ ಮತ್ತು ಗೌರವ’ ಅಂತ ಇನ್ನೊಂದು ಸಿಕ್ಕಿತು. ಅದು ವೆನಿಸ್ಸಿನ ರಾಯಭಾರಿ ಬೆರ್ನಾರ್ದೊ ಬೆಂಬೊನ ಧ್ಯೇಯವಾಕ್ಯ. ಅಂದರೆ ಮುಖ ತಿರುಗಿತು, ಹಿಂಬದಿಯಲ್ಲಿ ಮಾತ್ರ ಇನ್ನೊಬ್ಬನ ಗುರುತು ಉಳಿದಿತ್ತು.

ತೈಲದೀಪ:
ಇಟಲಿಯೇ ಮೊದಲು ಅನ್ನೋ ಹಾಗೆ ಮಾತಾಡಬೇಡಿ. ಬ್ರೂಗ್ಸ್‌ನಲ್ಲಿ ಯಾನ್ ವ್ಯಾನ್ ಐಕ್ ತನ್ನ ಹೆಂಡತಿ ಮಾರ್ಗರೆಟ್‌ಳನ್ನು 1439ರಲ್ಲೇ ಮುಕ್ಕಾಲು ತಿರುವಿನಲ್ಲಿ ಬರೆದ. ಅವಳ ಕಣ್ಣು ನೇರ ನಮ್ಮ ಮೇಲೆ. ಚೌಕಟ್ಟಿನ ಬರಹ ಅವಳ ಬಾಯಿಂದಲೇ ಬಂದಂತಿದೆ: ನನ್ನ ಗಂಡ ಯೊಹಾನ್ನೆಸ್ ನನ್ನನ್ನು 1439ರ ಜೂನ್ 17ರಂದು ಪೂರ್ತಿ ಮಾಡಿದ, ನನ್ನ ವಯಸ್ಸು ಮೂವತ್ತಮೂರು. ಅದಕ್ಕೂ ಮುಂಚೆ, 1433ರ ಅಕ್ಟೋಬರ್ 21 ಅಂತ ತಾರೀಖು ಹಾಕಿದ ಕೆಂಪು ಪೇಟದ ಗಂಡಸಿನ ಚಿತ್ರವನ್ನು ಅವನದೇ ಸ್ವಚಿತ್ರ ಅಂತ ಬಹಳ ಜನ ಒಪ್ಪುತ್ತಾರೆ.

ಅಲ್ಲಿ ಸಾಧ್ಯವಾದದ್ದು ಎಣ್ಣೆಯಿಂದ. ಓಕ್ ಹಲಗೆ, ಅದರ ಮೇಲೆ ಸೀಮೆಸುಣ್ಣ ಮತ್ತು ಅಂಟಿನ ಬಿಳಿ ನೆಲ, ಮೇಲೆ ಅಗಸೆ ಎಣ್ಣೆಯ ತೆಳು ಪದರಗಳು. ಬೆಳಕು ಪದರ ತೂರಿ ಬಿಳಿ ನೆಲಕ್ಕೆ ಬಡಿದು ವಾಪಸ್ ಬರುತ್ತೆ, ಅದಕ್ಕೇ ಚರ್ಮ ಒಳಗಿಂದ ಬೆಳಗಿದಂತಿರೋದು. ಇಟಲಿಯವರು ಬಳಸಿದ್ದು ಪಾಪ್ಲರ್ ಹಲಗೆ, ಜಿಪ್ಸಂ ನೆಲ. ಪಾಪ್ಲರ್ ಮೆದು, ಬಾಗುತ್ತೆ, ಹುಳ ಹಿಡಿಯುತ್ತೆ. ಮೋನಾಲಿಸಾ ಹಲಗೆ ಪಾಪ್ಲರ್, ಮೇಲಂಚಿನಿಂದ ತಲೆಯತ್ತ ಇಳಿದ ಬಿರುಕಿಗೆ ಹಿಂದೆ ಚಿಟ್ಟೆಯಾಕಾರದ ಮರದ ತುಂಡು ಕೂರಿಸಿದ್ದಾರೆ.

ಮಸಿಕುಡಿಕೆ:
ಮೋನಾಲಿಸಾಗೆ ಹುಬ್ಬು ಇಲ್ಲದ್ದು ಆಗಿನ ಫ್ಯಾಷನ್‌ನಿಂದ ಅಲ್ಲವಾ?

ತೈಲದೀಪ:
ಹಣೆಗೂದಲು ಕಿತ್ತು ಹಣೆ ಎತ್ತರ ಮಾಡಿಕೊಳ್ಳೋದು ಫ್ಯಾಷನ್ ಆಗಿದ್ದದ್ದು ನಿಜ. ಆದರೆ ಲಿಸಾಗೆ ಅದು ಪೂರ್ತಿ ಉತ್ತರ ಅಲ್ಲ. ಹುಬ್ಬು, ರೆಪ್ಪೆ ಬರೆಯೋದು ಎಲ್ಲಕ್ಕಿಂತ ಕೊನೆಗೆ, ಒಣಗಿದ ಮೈಬಣ್ಣದ ಮೇಲೆ, ಅತಿ ತೆಳ್ಳಗೆ. ವಾರ್ನಿಶ್ ತೆಗೆಯೋಕೆ ದ್ರಾವಕ ಹಚ್ಚಿ ಒರೆಸಿದಾಗ ಮೊದಲು ಹೋಗೋದೂ ಅದೇ. ಚಿತ್ರಕಾರರ ಜೀವನಚರಿತ್ರೆ ಬರೆದ ವಸಾರಿ ಅವಳ ಹುಬ್ಬಿನ ಕೂದಲನ್ನು ಹೊಗಳಿ ಬರೆದಿದ್ದಾನೆ. ಚಿತ್ರ ಫ್ರಾನ್ಸ್‌ನಲ್ಲಿತ್ತು, ಅವನು ಕಣ್ಣಾರೆ ಕಂಡಿರಲಾರ, ಹಾಗಾಗಿ ಅವನ ಮಾತನ್ನೇ ಸಾಕ್ಷಿ ಮಾಡೋಕೂ ಆಗಲ್ಲ.

ಅವಳ ಬಾಯಿಯ ನೆರಳನ್ನೂ ನೋಡಿ. 2010ರಲ್ಲಿ ಲೂವ್ರ್‌ನಲ್ಲಿರೋ ಲಿಯೊನಾರ್ಡೊನ ಏಳು ಚಿತ್ರಗಳ ಮುಖಗಳನ್ನು ಎಕ್ಸ್‌ರೇ ಫ್ಲೋರೆಸೆನ್ಸ್‌ನಿಂದ ಅಳೆದರು. ಎಲ್ಲ ನೆರಳು ಪದರ ಸೇರಿ 30ರಿಂದ 40 ಮೈಕ್ರೊಮೀಟರ್. ಒಂದು ಮಿಲಿಮೀಟರಿನ ಇಪ್ಪತ್ತೈದನೇ ಒಂದು ಭಾಗದಷ್ಟು ದಪ್ಪದಲ್ಲಿ ಆ ಇಡೀ ನಗು ಕೂತಿದೆ.

ಕನ್ನಡಿಮನೆ:
ತಿರುಗಿ ನೋಡಿದ ಮಾತ್ರಕ್ಕೆ ಮುಖ ಅವರದೇ ಆಯ್ತು ಅಂದುಕೊಳ್ಳಬೇಡಿ. ಇಸಬೆಲ್ಲಾ ದೆಸ್ತೆ 1474ರಲ್ಲಿ ಹುಟ್ಟಿದವಳು. 1530ರ ದಶಕದ ನಡುವೆ, ಅವಳಿಗೆ ಅರವತ್ತು ಸಮೀಪಿಸಿದಾಗ, ಟಿಶಿಯನ್ ಬರೆದ ಚಿತ್ರ ವಿಯೆನ್ನಾದಲ್ಲಿದೆ. ನೋಡಿದರೆ ಇಪ್ಪತ್ತರ ಹುಡುಗಿ! ಅವನಿಗೆ ಮಾದರಿಯಾಗಿ ಕಳಿಸಿದ್ದು ಫ್ರಾಂಚ 1511ರಲ್ಲಿ ಬರೆದಿದ್ದ ಚಿತ್ರ, ಅದನ್ನೂ ಅವನು ಇಸಬೆಲ್ಲಾಳನ್ನು ಎದುರು ಕೂರಿಸಿಕೊಂಡು ಬರೆದಿರಲಿಲ್ಲ. ನಕಲಿನ ನಕಲು.

ಚೌಕಟ್ಟು:
ಅದನ್ನು ಕೇಳಿ ಬರೆಸಿಕೊಂಡವಳು ಇಸಬೆಲ್ಲಾಳೇ ಅಲ್ಲವಾ? ಇಲ್ಲಿ ಗಂಡ, ಮಾವ ಯಾರೂ ಇಲ್ಲ. ತನ್ನ ಮುಖ ಹೇಗಿರಬೇಕು ಅಂತ ಅವಳೇ ತೀರ್ಮಾನಿಸಿದಳು. ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಕನ್ನಡಿಮನೆ:
ತಗೊಂಡೆ. ಇದು ನಾನು ಯೋಚಿಸಿರಲಿಲ್ಲ.

ಗೆರೆಬರೆ:
ಎರಡನೇ ಪ್ರಶ್ನೆಗೆ ಬರ್ತೀನಿ. ‘ಕನ್ನಡಿ ನೋಡಿ ಬರೆದದ್ದು’ ಅಂತ ಬರೆದುಕೊಂಡವರು ಹೆಂಗಸರು ಮಾತ್ರ ಅಲ್ಲ. ಡ್ಯೂರರ್ 1484ರಲ್ಲಿ, ಹದಿಮೂರನೇ ವಯಸ್ಸಿಗೆ, ಬೆಳ್ಳಿಕಡ್ಡಿಯಲ್ಲಿ ಬಿಡಿಸಿದ ಚಿತ್ರ ವಿಯೆನ್ನಾದ ಆಲ್ಬರ್ಟಿನಾದಲ್ಲಿದೆ. ನಾನಿನ್ನೂ ಮಗುವಾಗಿದ್ದಾಗ ಕನ್ನಡಿಯಿಂದ ನನ್ನನ್ನೇ ಬಿಡಿಸಿದ್ದು ಅಂತ ಆಮೇಲೆ ಅದರ ಮೇಲೆ ಬರೆದಿಟ್ಟ. ಬೆಳ್ಳಿಕಡ್ಡಿ ಅಂದರೆ ಮೂಳೆಬೂದಿ ಬಳಿದ ಕಾಗದದ ಮೇಲೆ ಬೆಳ್ಳಿತಂತಿ ಗೀಚೋದು. ಒಂದು ಸಲ ಎಳೆದದ್ದನ್ನು ಅಳಿಸೋಕಾಗಲ್ಲ. ಹದಿಮೂರರ ಹುಡುಗ!

ಕನ್ನಡಿಯಿಂದ ಬರೆಯೋದು ಎಷ್ಟು ಕಷ್ಟ ಅನ್ನೋದು ಗೊತ್ತಿದ್ದರೆ ಆ ಮಾತು ಹೆಮ್ಮೆಯ ಮಾತು ಅನ್ನೋದು ತಿಳಿಯುತ್ತೆ. ಕನ್ನಡಿ ಗಾಜಿನ ಮೇಲೆ ಸೋಪಿನ ತುಂಡಿನಿಂದ ನಿಮ್ಮ ಮುಖದ ಅಂಚು ಗೀಚಿ ಅಳೆದು ನೋಡಿ, ಸರಿಯಾಗಿ ನಿಜ ಅಳತೆಯ ಅರ್ಧ. ಹತ್ತಿರ ನಿಂತರೂ ದೂರ ನಿಂತರೂ ಅರ್ಧವೇ. ಹಾಗಾಗಿ ನಿಜ ಗಾತ್ರಕ್ಕೆ ಹಿಗ್ಗಿಸುವಾಗ ಅನುಪಾತ ಜಾರುತ್ತೆ. ಬಲಗಣ್ಣು ಬರೆಯುವಾಗ ಬಲಗಣ್ಣನ್ನೇ ನೋಡ್ತೀರಿ, ಎಡಗಣ್ಣು ಬರೆಯುವಾಗ ಎಡಗಣ್ಣನ್ನು. ಎರಡೂ ನೇರ ನೋಡೋ ಕಣ್ಣಾಗಿ, ಚಿತ್ರದ ನೋಟ ಎದುರಿನವರ ಮೇಲೆ ಕೂಡದೆ ಹಿಂದಕ್ಕೆ ಹಾದುಹೋಗುತ್ತೆ. ಬಹಳ ಸ್ವಚಿತ್ರಗಳು ಎಲ್ಲೋ ನೋಡ್ತಿರುವಂತೆ ಕಾಣೋಕೆ ಇದೂ ಒಂದು ಕಾರಣ.

ಆಮೇಲೆ ಕೈ. ಬಲಗೈಯವರು ಕನ್ನಡಿಯಲ್ಲಿ ಎಡಚರಾಗಿ ಕಾಣ್ತಾರೆ. ಕ್ಯಾಟರೀನಾ ವಾನ್ ಹೆಮೆಸೆನ್ 1548ರ ಚಿತ್ರದಲ್ಲಿ ಕುಂಚ ಬಲಗೈಯಲ್ಲೇ ಇದೆ, ಅಂದರೆ ಕಂಡದ್ದನ್ನು ಕಂಡಂತೆ ಬರೆಯದೆ ತಿರುಗಿಸಿ ಬರೆದಿದ್ದಾಳೆ. ಹಲಗೆ ಸುಮಾರು 32 ಸೆಂಟಿಮೀಟರ್ ಎತ್ತರ, ಬಾಸೆಲ್‌ನಲ್ಲಿದೆ. ಕೈ ನಡುಗದಂತೆ ಊರುಗೋಲಿನ ಮೇಲೆ ಮಣಿಕಟ್ಟು ಇಟ್ಟಿದ್ದಾಳೆ. ಎದುರಿನ ಹಲಗೆಯಲ್ಲಿ ಇನ್ನೂ ಒಂದು ತಲೆ ಮಾತ್ರ ಮೂಡಿದೆ. ಚಿತ್ರಕಾರರು ಈಸೆಲ್ (ಹಲಗೆ ನಿಲ್ಲಿಸೋ ಕಾಲುಮಣೆ) ಮುಂದೆ ಕೂತು ಕೆಲಸ ಮಾಡ್ತಿರುವ ಸ್ವಚಿತ್ರಗಳಲ್ಲಿ ನಮಗೆ ಉಳಿದಿರುವ ಅತಿ ಹಳೆಯದು ಇದೇ ಅಂತ ಹೇಳ್ತಾರೆ. ಕ್ಯಾಟರೀನಾ ವಾನ್ ಹೆಮೆಸೆನ್ ಆದ ನಾನು ನನ್ನನ್ನು ಬರೆದೆ, 1548, ವಯಸ್ಸು 20 ಅಂತ ಬರಹ.

ಹಳೇಹಲಗೆ:
ಗಾಜಿನ ಕನ್ನಡಿ ಆಗ ಬಹುತೇಕ ಉಬ್ಬುಗನ್ನಡಿ. ಊದಿದ ಗಾಜಿನ ಬುರುಡೆ ಕತ್ತರಿಸಿ ಹಿಂದೆ ಸೀಸ ಬಳಿದದ್ದು. ಚಪ್ಪಟೆ ಗಾಜಿಗೆ ತವರ-ಪಾದರಸ ಕೂರಿಸೋದು ಮುರಾನೊದಲ್ಲಿ ಹದಿನಾರನೇ ಶತಮಾನದಲ್ಲಿ ಪಳಗಿದ ವಿದ್ಯೆ. ಉಬ್ಬುಗನ್ನಡಿಯಲ್ಲಿ ಮುಂದಿರೋದು ದೊಡ್ಡದಾಗುತ್ತೆ, ಅಂಚು ಬಾಗುತ್ತೆ. ಪಾರ್ಮಿಜಾನಿನೊ ಸುಮಾರು 1524ರಲ್ಲಿ ಅದನ್ನು ತಿದ್ದದೆ ಹಾಗೇ ಬರೆದ, ಅದಕ್ಕಾಗಿ ಮರವನ್ನೇ ಉಬ್ಬಾಗಿ ಕಡೆಸಿದ. ಅಡ್ಡಳತೆ 24.4 ಸೆಂಟಿಮೀಟರ್. ಮುಖ ನಡುವೆ ಇರೋದರಿಂದ ಕೆಡಲಿಲ್ಲ, ಮುಂದೆ ಚಾಚಿದ ಕೈ ಮಾತ್ರ ತಲೆಗಿಂತ ದೊಡ್ಡದು.

ಮಸಿಕುಡಿಕೆ:
ಆರ್ತೆಮಿಸಿಯಾ ಜೆಂತಿಲೆಸ್ಕಿಯನ್ನು ಯಾರೂ ಹೇಳಲೇ ಇಲ್ಲ?

ಚೌಕಟ್ಟು:
ಆ ಚಿತ್ರಕಾರ್ತಿ ಹುಟ್ಟಿದ್ದು 1593ರಲ್ಲಿ, ರಿನೈಸಾನ್ಸ್ ಮುಗಿದಮೇಲಿನ ಬರೋಕ್ ಕಾಲದವಳು. ಇಲ್ಲಿ ಬೇಡ.

ಗೆರೆಬರೆ:
‘ಕನ್ಯೆ’ ಅನ್ನೋ ಪದಕ್ಕೆ ಸೊಫೊನಿಸ್ಬಾ ಆಂಗ್ವಿಸೋಲಾಳನ್ನು ನೋಡಬೇಕು. ಕ್ರೆಮೋನಾದವಳು, 1532ರ ಸುಮಾರಿಗೆ ಹುಟ್ಟಿದಳು. ಬಾಸ್ಟನ್‌ನಲ್ಲಿರೋ ಅವಳ ಪುಟಾಣಿ ಸ್ವಚಿತ್ರ 8.3 ಸೆಂಟಿಮೀಟರ್ ಎತ್ತರ, ಅಂಗೈಯಲ್ಲಿ ಹಿಡಿಯಬಹುದು. ಎದೆಯ ಮುಂದೆ ಗುರಾಣಿಯಂತೆ ಒಂದು ದುಂಡು ಫಲಕ ಹಿಡಿದಿದ್ದಾಳೆ, ನಡುವೆ ಹೆಣೆದುಕೊಂಡ ಅಕ್ಷರಗಳು, ಸುತ್ತಲೂ ಲ್ಯಾಟಿನ್: ಕನ್ಯೆ ಸೊಫೊನಿಸ್ಬಾ ಆಂಗ್ವಿಸೋಲಾ, ತನ್ನದೇ ಕೈಯಿಂದ, ಕನ್ನಡಿಯಿಂದ, ಕ್ರೆಮೋನಾದಲ್ಲಿ ಬರೆದದ್ದು. ಇಷ್ಟನ್ನೂ ಹೇಳಬೇಕಾಯ್ತು ಯಾಕೆಂದರೆ ಹುಡುಗಿಯೊಬ್ಬಳು ಇಷ್ಟು ಚೆನ್ನಾಗಿ ಬರೆದರೆ ಗುರುವೋ ಅಪ್ಪನೋ ಬರೆದಿರಬೇಕು ಅನ್ನೋರೇ ಹೆಚ್ಚು. ‘ತನ್ನದೇ ಕೈಯಿಂದ’ ಅನ್ನೋದು ಅದಕ್ಕೆ ಉತ್ತರ. ‘ಕನ್ಯೆ’ ಅನ್ನೋದು ಮಾನದ ರಕ್ಷೆ: ದುಡಿದು ತಿನ್ನೋ ಕಸುಬಿನವಳಲ್ಲ, ಒಳ್ಳೇ ಮನೆತನದ ಮಗಳು ಅಂತ.

ಕುಂಚಕಡ್ಡಿ:
ಲವೀನಿಯಾ ಫೊಂತಾನಾಗೆ ಅದೇ ಪದ ಬೇರೆ ಕೆಲಸ ಮಾಡಿತು. 1577ರ ಅವಳ ಸ್ವಚಿತ್ರ ಮದುವೆ ಮಾತುಕತೆಗೆ ಹೋದದ್ದು. ವಾದ್ಯ ನುಡಿಸ್ತಾ ಕೂತಿದ್ದಾಳೆ, ಹಿಂದೆ ಕಿಟಕಿ ಪಕ್ಕ ಖಾಲಿ ಈಸೆಲ್. ಪ್ರೊಸ್ಪೆರೊ ಫೊಂತಾನಾನ ಮಗಳು, ಕನ್ಯೆ ಲವೀನಿಯಾ, ಕನ್ನಡಿಯಿಂದ ತನ್ನ ಮುಖ ಬರೆದಳು ಅಂತ ಬರಹ. ಗಂಡಿನ ಕಡೆಯವರಿಗೆ ಹೇಳಿದ್ದು ಇಷ್ಟು: ಹುಡುಗಿಗೆ ಸಂಗೀತ ಬರುತ್ತೆ, ಕಸುಬೂ ಬರುತ್ತೆ. ಒಪ್ಪಂದ ಆದಮೇಲೆ ಗಂಡ ಜಾನ್ ಪಾವೊಲೊ ಜಪ್ಪಿ ಬೊಲೋನ್ಯಾದಲ್ಲಿ ಮಾವನ ಮನೆಗೇ ಬಂದು ನಿಂತ. ಅವಳಿಗೆ ಹನ್ನೊಂದು ಮಕ್ಕಳು, ಆದರೂ ಕುಂಚ ಬಿಡಲಿಲ್ಲ. ಜೊವಾನ್ನಾಳ ಒಡವೆಯನ್ನೂ ಲವೀನಿಯಾಳ ಈಸೆಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಮದುವೆಯ ಚಿತ್ರವೇ.

ಚೌಕಟ್ಟು:
ಇದು ನಾಣ್ಯಕ್ಕಿಂತ ಒಳ್ಳೇ ಹೋಲಿಕೆ, ಒಪ್ಪಿಕೊಳ್ತೀನಿ.

ತೈಲದೀಪ:
ಸಹಿ ಯಾಕೆ ಮುಖ್ಯ ಅನ್ನೋದಕ್ಕೆ ಪುರಾವೆ ಸ್ಪೇನ್‌ನಲ್ಲಿದೆ. ಸೊಫೊನಿಸ್ಬಾ 1559ರಲ್ಲಿ ಎರಡನೇ ಫಿಲಿಪ್‌ನ ಆಸ್ಥಾನಕ್ಕೆ ಹೋದದ್ದು ರಾಣಿಯ ಸಖಿಯಾಗಿ, ಸಂಬಳದ ಚಿತ್ರಕಾರಳಾಗಿ ಅಲ್ಲ. ಚಿತ್ರಕ್ಕೆ ಬಿಲ್ಲು ಇಲ್ಲ, ರಸೀತಿ ಇಲ್ಲ, ಉಡುಗೊರೆ ಮಾತ್ರ. ಅಲ್ಲಿ ಸಹಿಯನ್ನೂ ಹಾಕಲಿಲ್ಲ. ಆಗಿದ್ದೇನು? ಮ್ಯಾಡ್ರಿಡ್‌ನ ಪ್ರಾದೊ ಮ್ಯೂಸಿಯಂನಲ್ಲಿರೋ ಫಿಲಿಪ್‌ನ ಚಿತ್ರ ಬಹಳ ಕಾಲ ಆಸ್ಥಾನದ ಗಂಡು ಚಿತ್ರಕಾರರ ಹೆಸರಲ್ಲೇ ಇತ್ತು.

ಓದುಗುಬ್ಬಿ:
ಎಲ್ಲರಿಗೂ ದೊಡ್ಡ ನಮಸ್ಕಾರ. ಇನ್ನೊಂದೇ ಪ್ರಶ್ನೆ. ಕನ್ನಡಿ ಇಟ್ಟು ಬಿಡಿಸೋಕೆ ಕೂತರೆ ಬೆಳಕು ಯಾವ ಕಡೆಯಿಂದ ಬರಬೇಕು?

ಗೆರೆಬರೆ:
ಬಲಗೈಯವರಾದರೆ ಎಡಗಡೆಯಿಂದ, ಇಲ್ಲದಿದ್ದರೆ ಕೈಯ ನೆರಳು ಗೆರೆ ಮೇಲೇ ಬೀಳುತ್ತೆ. ಒಂದೇ ಕಿಟಕಿ ಸಾಕು. ಕನ್ನಡಿಯನ್ನು ಈಸೆಲ್ ಪಕ್ಕಕ್ಕೆ, ಕತ್ತು ತಿರುಗಿಸದೆ ಕಣ್ಣು ಮಾತ್ರ ಹೊರಳಿಸಿದರೆ ಕಾಣೋ ಹಾಗೆ ಇಡಿ.

ಎತ್ತರದ ಬಗ್ಗೆ ಮಾತ್ರ ನನಗಿಂತ ದೊಡ್ಡವರ ಮಾತಿದೆ. 1624ರ ಜುಲೈ 12ರಂದು ಯುವ ಚಿತ್ರಕಾರ ವ್ಯಾನ್ ಡೈಕ್ ಸಿಸಿಲಿಯ ಪಲೆರ್ಮೊದಲ್ಲಿ ಸೊಫೊನಿಸ್ಬಾಳನ್ನು ಕಾಣಲು ಹೋದ. ತೊಂಬತ್ತು ದಾಟಿದವಳು, ಕಣ್ಣು ಮಂಜಾಗಿತ್ತು, ಚಿತ್ರ ತೋರಿಸಿದರೆ ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದಳು. ಅವನು ಅವಳನ್ನು ಬಿಡಿಸಲು ಕೂತಾಗ ಅವಳು ಹೇಳಿದ್ದನ್ನು ತನ್ನ ಪುಸ್ತಕದಲ್ಲಿ ಆ ಚಿತ್ರದ ಪಕ್ಕದಲ್ಲೇ ಬರೆದುಕೊಂಡಿದ್ದಾನೆ. ಬೆಳಕನ್ನು ತೀರಾ ಮೇಲಿನಿಂದ ತಗೋಬೇಡ, ಮುಪ್ಪಿನ ಸುಕ್ಕುಗಳಲ್ಲಿ ನೆರಳು ಗಾಢವಾಗಿಬಿಡುತ್ತೆ.

ಓದುಗುಬ್ಬಿ:
ಕಿಟಕಿಯ ಮೇಲಿನ ಬಾಗಿಲು ಮುಚ್ಚಿ, ಕೆಳಗಿನದು ತೆಗೆದಿಟ್ಟೆ.